ಬಾವಿಯ ದಾರಿಗೆ ಚಾಚಾ ಕೊಟ್ಟ ಮಾತು

ಚಾಚಾ ಯಾವುದನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಚಹಾದ ಗ್ಲಾಸು ಸುಡುತ್ತಿದೆಯೇ ಎಂದು ನೋಡುವುದಿರಲಿ, ಜ್ವರ ಬಂದ ಕೂಸಿನ ಹಣೆ ಮುಟ್ಟುವುದಿರಲಿ, ಕೈಯ ಹಿಂಬದಿಯನ್ನೇ ತಾಗಿಸುವರು. ಮೂವತ್ತು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿದವರ ರೂಢಿ ಅದು. ಕರೆಂಟು ಹರಿಯುವ ತಂತಿಗೆ ಅಂಗೈ ತಾಗಿದರೆ ಬೆರಳುಗಳು ತಾವಾಗಿ ಮಡಚಿ ತಂತಿಯನ್ನೇ ಬಿಗಿಯಾಗಿ ಹಿಡಿಯುತ್ತವೆ. ಹಿಂಗೈ ತಾಗಿದರೆ ಕೈ ಹಿಂದಕ್ಕೆ ಸಿಡಿಯುತ್ತದೆ. "ಹಿಡಕೊಂಡಾಂವ ಹೋದ, ಮುಟ್ಟಿ ಬಿಟ್ಟಾಂವ ಉಳದ, ಇಷ್ಟ ನೆಪ್ಪಿಡವಾ" ಎಂದು ನನಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು.

ಅವರು ಈ ಬೇಸಿಗೆಯಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಿಂದಗಿ ತಾಲೂಕಿನ ಕನ್ನೊಳ್ಳಿಯವರು, ನಾವೆಲ್ಲ ಚಾಚಾ ಅನ್ನುತ್ತಿದ್ದೆವು, ಇಷ್ಟು ಸಾಕು. ಒಂದು ಊರಿನಲ್ಲಿ ಅವರ ಹೆಸರು ಕೆಟ್ಟಿತು, ಕೆಡಿಸಿದವಳು ನಾನು. ಮತ್ತೆ ನಾನೇ ಅದನ್ನು ಅಚ್ಚು ಹಾಕಿಸಿ ಮೆರೆಸುವುದು ಬೇಡ.

ನಾನು ಇಂಡಿಯವಳು. ಗಾಳಿಯಿಂದ ಕರೆಂಟು ತೆಗೆಯುವ ಒಂದು ಕಂಪನಿಯಲ್ಲಿ ನಕ್ಷೆ ತಯಾರಿಸುವ ಎಂಜಿನಿಯರ್. ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಎರೆಹೊಲಗಳಲ್ಲಿ ನಮ್ಮ ಗಾಳಿಪಂಕಗಳು ಎದ್ದಿದ್ದವು. ಅಷ್ಟೂ ಪಂಕಗಳ ಕರೆಂಟನ್ನು ಒಂದು ಕಡೆ ಕೂಡಿಸಿ ದೊಡ್ಡ ಲೈನಿಗೆ ಹತ್ತಿಸಲು ಸಬ್‌ಸ್ಟೇಷನ್ ಬೇಕಿತ್ತು. ಮಸೂತಿ ಗ್ರಾಮದ ಆಚೆ ಒಂದು ಸಣ್ಣ ಊರಿನ ಅಂಚಿಗೆ ಜಾಗ ಸಿಕ್ಕಿತು. ಈಗೀಗ ಕಂಪನಿಗಳಿಗೆ ಹೊಸ ಶಿಸ್ತು ಬಂದಿದೆ. ಕಟ್ಟುವ ಮೊದಲು ಊರವರನ್ನು ಕೂಡಿಸಬೇಕು, ಅವರ ಮಾತು ಕೇಳಬೇಕು, ನಕ್ಷೆಯಲ್ಲಿ ಅದಕ್ಕೆ ಜಾಗ ಕೊಡಬೇಕು. ಆ ಕೆಲಸಕ್ಕೆಂದು ನಿವೃತ್ತರಾಗಿ ಮನೆಯಲ್ಲಿದ್ದ ಚಾಚಾನನ್ನು ಕರೆದು ತಂದಿದ್ದರು. ಕೊರಳಿಗೆ ಒಂದು ಗುರುತಿನ ಚೀಟಿ, ಬಾಯಿ ತುಂಬ ಒಂದು ಹುದ್ದೆಯ ಹೆಸರು. ಆ ಹುದ್ದೆಯ ಹೆಸರು ಅವರಿಗೆ ಕೊನೆಯವರೆಗೂ ಬಾಯಿಗೆ ಬರಲಿಲ್ಲ. ಯಾರಾದರೂ ಕೇಳಿದರೆ, "ನಾ ಲೈನ್‌ಮನ್ ರೀ, ಕಂಬ ಇಲ್ಲದ ಲೈನ್‌ಮನ್" ಅನ್ನುವರು.

ಮುಖ್ಯ ಕಚೇರಿಯಿಂದ ಒಂದು ಪ್ರಶ್ನಾವಳಿ ಬಂತು. ಎಲ್ಲಿಯೋ ಸಮುದ್ರದೊಳಗೆ ಗಾಳಿಪಂಕ ನಿಲ್ಲಿಸಿ, ದಂಡೆಯಲ್ಲಿ ಸಬ್‌ಸ್ಟೇಷನ್ ಕಟ್ಟುವಾಗ ಅಲ್ಲಿಯ ಮೀನುಗಾರರನ್ನು ಕೇಳಲು ಮಾಡಿದ್ದು ಅದು. ಪುಣ್ಯಾತ್ಮರು ಅದನ್ನೇ ಕನ್ನಡಕ್ಕೆ ತಿರುಗಿಸಿ ನಮ್ಮ ಜೋಳದ ಸೀಮೆಗೆ ಕಳಿಸಿದ್ದರು. ಚಾಚಾ ಕನ್ನಡಕ ಏರಿಸಿ ದೊಡ್ಡ ದನಿಯಲ್ಲಿ ಓದಿದರು: "ನಿಮ್ಮ ದೋಣಿಗಳನ್ನು ಎಲ್ಲಿ ನಿಲ್ಲಿಸುತ್ತೀರಿ?" ಓದಿ ನನ್ನ ಕಡೆ ನೋಡಿದರು.

"ಏನ್ ಬರಕೊಳ್ಳೂಣವಾ? ಬಾಗೇವಾಡಿ ಬಸ್ ಸ್ಟ್ಯಾಂಡಿನಾಗ ನಿಲ್ಲಸ್ತೇವಿ ಅಂತ ಬರಿ."

ಕಚೇರಿಯ ಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಚಾಚಾ ಮಾತ್ರ ಹಾಳೆ ತಿರುವುತ್ತ ಹೋಗಿ ಒಂದು ಕಡೆ ನಿಂತರು. "ನೀವು ದಿನಾಲು ನಡೆಯುವ ದಾರಿ ಈ ಜಾಗದ ಮೂಲಕ ಹೋಗುತ್ತದೆಯೇ?" ಎಂಬ ಪ್ರಶ್ನೆ ಅಲ್ಲಿತ್ತು. "ಇದು ಬರೋಬ್ಬರಿ ಐತಿ ನೋಡು. ಸಮುದ್ರದ ಮಂದಿನೂ ನಡೀತಾರ, ನಾವೂ ನಡೀತೇವಿ. ಇದೊಂದ ಇಟ್ಕೊಂಡು ಉಳದದ್ದು ಹರದು ಒಗಿ" ಅಂದರು. ನಾನು ಹರಿಯಲಿಲ್ಲ, ಫೈಲಿಗೆ ಹಾಕಿದೆ.

ಮೊದಲ ಸಭೆ ಪಂಚಾಯಿತಿ ಕಚೇರಿಯಲ್ಲಿ ಆಯಿತು. ಏಳೆಂಟು ಗಂಡಸರು ಬಂದರು, ಚಹಾ ಕುಡಿದರು, ನಾನು ಗೋಡೆಗೆ ಅಂಟಿಸಿದ ನಕ್ಷೆಯ ಕಡೆ ನೋಡಿ ಹೂಂ ಅಂದರು, ಎದ್ದು ಹೋದರು. ಒಂದು ತಕರಾರಿಲ್ಲ. ನನಗೋ ಖುಷಿ. ಚಾಚಾ ಮಾತ್ರ ಮುಖ ಗಂಟು ಹಾಕಿಕೊಂಡು ಕೂತಿದ್ದರು.

"ಏನಾತ್ರಿ ಚಾಚಾ, ಎಲ್ಲಾರೂ ಒಪ್ಪಿದ್ರಲ್ಲ?"

"ಅವರು ಚಹಾಕ್ಕ ಹೂಂ ಅಂದಾರ, ನಿನ್ನ ನಕ್ಷಾಕ್ಕಲ್ಲ. ಒಬ್ಬ ಹೆಣಮಗಳು ಬಂದಿದ್ಲೇನು? ಹೊಲದ ದಾರಿ ಗೊತ್ತಿದ್ದಾವ್ರು ಅವರು. ಪಂಚಾಯಿತಿ ಕಟ್ಟಿ ಹತ್ತಾಕ ಅವರು ನಾಚತಾರ. ಹೊಲದಾಗ ಕೇಳು, ನಿನ್ನ ಬಾಯಿ ಮುಚ್ಚಸ್ತಾರ."

ಹಾಗೆಂದು ಅವರು ತೆಗೆದ ದಾರಿಯನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ. ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ಅವತ್ತು ನಮ್ಮ ಸೀಮೆಯಲ್ಲಿ ಮನೆಗೆ ಕೀಲಿ ಜಡಿದು ಊರಿಗೆ ಊರೇ ಹೊಲದಲ್ಲಿರುತ್ತದೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ ಮಾಡಿ, ನಿಂತ ಬೆಳೆಯ ಸುತ್ತ ಅಡುಗೆಯನ್ನು ಚೆಲ್ಲುತ್ತ ಬರುವುದಕ್ಕೆ ಚರಗ ಚೆಲ್ಲುವುದು ಅನ್ನುತ್ತೇವೆ. ಆಮೇಲೆ ಸಾಲಾಗಿ ಕೂತು ಊಟ. ಸಬ್‌ಸ್ಟೇಷನ್ನಿನ ಜಾಗ ಬೀಳು ಬಿದ್ದಿತ್ತು, ಸುತ್ತಲೂ ಜೋಳದ ಹೊಲಗಳು. ಅಮಾವಾಸ್ಯೆಯ ಹಿಂದಿನ ದಿನ ಚಾಚಾ ನಾಲ್ಕು ಚೀಲ ಸುಣ್ಣದ ಪುಡಿ ತರಿಸಿದರು. ನನ್ನ ನಕ್ಷೆ ಹಿಡಿದುಕೊಂಡು, ಗೂಟ ಬಡಿದು ಹಗ್ಗ ಎಳೆದು, ಇಡೀ ಸಬ್‌ಸ್ಟೇಷನ್ನನ್ನು ಅದರ ಅಳತೆಗೆ ತಕ್ಕಂತೆ ನೆಲದ ಮೇಲೆ ಬರೆಸಿದರು. ಇಲ್ಲಿ ಕಂಪೌಂಡ್ ಗೋಡೆ, ಇಲ್ಲಿ ಟ್ರಾನ್ಸ್‌ಫಾರ್ಮರು, ಇಲ್ಲಿ ಕಂಟ್ರೋಲ್ ರೂಮು. ಸಂಜೆಯ ತನಕ ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದುಹೋಯಿತು.

ಮರುದಿನ ಚರಗ ಚೆಲ್ಲಿ ಮುಗಿದ ಮೇಲೆ ಹೆಂಗಸರು, ಮಕ್ಕಳು ಬಂದು ಆ ಬಿಳಿ ಗೆರೆಗಳೊಳಗೆ ತಿರುಗಾಡತೊಡಗಿದರು. ನೀಲವ್ವ ಆಯಿ ಎಂಬ ಮುದುಕಿ ಒಂದು ಗೆರೆಯ ಮುಂದೆ ಬಂದು ಗಕ್ಕನೆ ನಿಂತಳು. ಆಕೆಯ ಮನೆಗೆ ಹಿಂದೊಮ್ಮೆ ಕರೆಂಟು ಕೊಟ್ಟವರು ಚಾಚಾನೇ. ಹೊಸ ಮನೆಗೆ ಕರೆಂಟು ಕೊಟ್ಟಾಗ ಮೊದಲ ದೀಪವನ್ನು ಅವರು ತಾವಾಗಿ ಎಂದೂ ಹತ್ತಿಸುತ್ತಿರಲಿಲ್ಲ, ಮನೆಯ ಹಿರಿಯ ಹೆಂಗಸಿನ ಕೈಯಿಂದಲೇ ಬಟನ್ ಒತ್ತಿಸುವರು. ಅದು ಆಯಿಗೆ ನೆನಪಿತ್ತು. ಅದಕ್ಕೇ ಸಲಿಗೆ.

"ಇದೇನ್ ಗೆರಿ ಹೊಡದಿಯೋ ತಮ್ಮಾ?"

"ಗ್ವಾಡಿ ಯಕ್ಕಾ. ನಾಳೆ ಇಲ್ಲಿ ಆಳೆತ್ತರ ಗ್ವಾಡಿ ಬರ್ತೈತಿ. ನೀ ದಿನಾ ನಡದಂಗ ನಡಿ, ನೋಡೂಣು."

"ಹ್ಯಾಂಗ ನಡೀಲೋ? ಬಾವಿ ಆ ಕಡೆ ಐತಿ, ನಾ ಈ ಕಡೆ ಅದೇನಿ."

ನಾನು ಹಾಳೆ ನೋಡಿದೆ. ನನ್ನ ನಕ್ಷೆಯಲ್ಲಿ ಬಾವಿ ಇತ್ತು, ದಾರಿ ಇರಲಿಲ್ಲ. ಕಾಲಿನಿಂದ ಸವೆದ ದಾರಿಗಳನ್ನು ಸರಕಾರಿ ನಕಾಶೆ ಲೆಕ್ಕಕ್ಕೆ ಹಿಡಿದಿರಲಿಲ್ಲ, ನಾನೂ ಹಿಡಿದಿರಲಿಲ್ಲ. ಊರಿನ ನಳದ ನೀರು ಸವಳು. ಆ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಕುಡಿಯಲು, ಬೇಳೆ ಬೇಯಿಸಲು ಊರಿನ ಅಷ್ಟೂ ಹೆಂಗಸರು ಆ ಬಾವಿಗೇ ಹೋಗುತ್ತಿದ್ದರು. ಗೋಡೆ ಎದ್ದರೆ ಹಳ್ಳ ಇಳಿದು ಹತ್ತಿ, ದೂರದ ಸುತ್ತು ಹಾಕಿ ಬರಬೇಕು. ಪಂಚಾಯಿತಿಯಲ್ಲಿ ಹೂಂ ಅಂದ ಗಂಡಸರ ಪೈಕಿ ಒಬ್ಬನಿಗೂ ಇದು ಹೊಳೆದಿರಲಿಲ್ಲ, ಯಾಕೆಂದರೆ ಅವರಲ್ಲಿ ಒಬ್ಬನೂ ಕೊಡ ಹೊತ್ತವನಲ್ಲ.

"ಅಳಸು ಯಕ್ಕಾ. ಸುಣ್ಣ ಐತಿ, ಕಾಲಿಲೆ ಅಳಸು. ಎಲ್ಲಿ ಬೇಕು ಹೇಳು, ಅಲ್ಲಿ ಹಾಕೂಣು" ಅಂದರು ಚಾಚಾ.

ಆಮೇಲಿನ ಒಂದು ತಾಸನ್ನು ನಾನು ಸಾಯುವತನಕ ಮರೆಯಲಾರೆ. ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಆ ಹೆಂಗಸರು ನನ್ನ ನಕ್ಷೆಯನ್ನು ಕಾಲಿನಿಂದ ಒರೆಸಿ ಹಾಕಿದರು. ಟ್ರಾನ್ಸ್‌ಫಾರ್ಮರ್ ಅತ್ತ, ಕಂಟ್ರೋಲ್ ರೂಮ್ ಇತ್ತ, ಒಂದು ಕಂಪೌಂಡ್ ಇದ್ದದ್ದು ಎರಡಾಗಿ ನಡುವೆ ದಾರಿ. ದಾರಿ ಎಷ್ಟು ಅಗಲ ಬೇಕು ಎಂದು ನಾನು ಕೇಳಿದ್ದಕ್ಕೆ ಆಯಿಯ ಸೊಸೆ ಇನ್ನೊಬ್ಬಳನ್ನು ಎಳೆದು ತಂದಳು. ಇಬ್ಬರೂ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಎದುರುಬದುರು ನಡೆದು ಬಂದರು. "ಮೈ ತಾಗಬಾರದ್ರೀ, ತಾಗಿದ್ರ ನೀರ ಚೆಲ್ತೈತಿ, ಜಗಳ ಆಕ್ಕಾವ" ಎಂದು ನಕ್ಕರು. ನಾನು ಟೇಪು ಹಿಡಿದು ಅಳೆದೆ. ದಾರಿಗೊಂದು ದೀಪದ ಕಂಬ ಬೇಕೆಂದರು, ಬರೆದುಕೊಂಡೆ. ಕೇಬಲ್ಲನ್ನು ದಾರಿಯ ಅಡಿಯಲ್ಲಿ ಕಾಂಕ್ರೀಟ್ ಕಾಲುವೆ ಮಾಡಿ ದಾಟಿಸಬಹುದು ಎಂದು ನನಗೆ ಅಲ್ಲಿಯೇ ತಿಳಿದಿತ್ತು. ಕಠಿಣದ್ದೇನೂ ಅಲ್ಲ.

ಊಟಕ್ಕೆ ಕೂತೆವು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ. ನಾನು ಚೀಲದಿಂದ ಹಾಳೆ, ಶಾಯಿಯ ಡಬ್ಬಿ ತೆಗೆದೆ. ಹೊಸ ಗೆರೆಗಳನ್ನು ಕೈಯಿಂದಲೇ ಬರೆದು ಎಲ್ಲರ ಸಹಿ, ಹೆಬ್ಬೆಟ್ಟು ತೆಗೆದುಕೊಂಡುಬಿಡೋಣ ಎಂದು. ಚಾಚಾ ನನ್ನ ಕೈ ತಡೆದರು.

"ಇಡು ಒಳಗ. ಹಬ್ಬದ ಎಡಿ ಮುಂದ ಕಾಗದ ತಗೀತಾರೇನು? ಒಂದ ಪಂಕ್ತ್ಯಾಗ ಕೂಡಿಸಿ ಉಣ್ಣಾಕ ಹಾಕ್ಯಾರ. ನಾವು ಸಹಿ ಕೇಳಿದ್ರ, ನಿಮ್ಮನ್ನ ನಂಬಂಗಿಲ್ಲ ಅಂದಂಗ ಆತು."

ನೀಲವ್ವ ಆಯಿಗೆ ಅದು ಕೇಳಿಸಿತು. "ಕಾಗದ ಯಾಕೋ ತಮ್ಮಾ, ನೀ ಮಾತ ಕೊಡು ಸಾಕು" ಅಂದಳು. ಚಾಚಾ ಊಟದ ಕೈ ತೊಳೆದುಕೊಂಡು ಬಂದು, ಆಕೆಯ ಅಂಗೈ ಮೇಲೆ ತಮ್ಮ ಅಂಗೈ ಇಟ್ಟರು. "ಬಾವಿ ದಾರಿ ಮುಚ್ಚಂಗಿಲ್ಲ ಯಕ್ಕಾ. ನಾ ಅದೇನಿ."

ನಮ್ಮ ಸೀಮೆಯ ಮಂದಿಗೆ ಮಾತ್ರ ಬರುವ ತಪ್ಪು ಇದು. ಒಂದು ಗುಂಟೆ ಹೊಲಕ್ಕಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತಿ ಹತ್ತು ವರ್ಷ ಬಡಿದಾಡುತ್ತಾರೆ, ಆದರೆ ಕೂಡಿ ಉಂಡವನ ಕೈಯಲ್ಲಿ ಕಾಗದ ಕೇಳಲಾರರು. ಒಂದು ವಾರದ ಮೇಲೆ ಪಂಚಾಯಿತಿಯಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ತೆಗೆದುಕೊಳ್ಳುವಾಗ ಅದಕ್ಕೆ ಹಚ್ಚಿದ್ದು ಹಳೆಯ ನಕ್ಷೆ. ಹೊಸದು ಇನ್ನೂ ತಯಾರಾಗಿರಲಿಲ್ಲ, ಸಹಿ ಮಾತ್ರ ಆ ವಾರವೇ ಬೇಕೆಂದು ನಮ್ಮ ಕಚೇರಿಯ ಸಾಹೇಬರ ಒತ್ತಾಯ. "ಹೊಸ ಹಾಳೆ ಆಮೇಲೆ ಹಚ್ಚತೇನ್ರಿ" ಎಂದು ನಾನಂದೆ. ಚಾಚಾ ಪಕ್ಕದಲ್ಲಿ ನಿಂತಿದ್ದರು. ಅವರ ಮುಖ ನೋಡಿಯೇ ಊರವರು ಸಹಿ ಹಾಕಿದರು, ಹಾಳೆ ತಿರುವಿ ನೋಡಲಿಲ್ಲ.

ಆಮೇಲೆ ಚಾಚಾ ಮಗಳ ಬಾಣಂತನಕ್ಕೆಂದು ರಜೆ ಹಾಕಿ ಸಿಂದಗಿಗೆ ಹೋದರು. ಅದೇ ಹೊತ್ತಿಗೆ, ದಾರಿ ಬಿಟ್ಟು ನಾನು ಬರೆದು ಕಳಿಸಿದ್ದ ಹೊಸ ನಕ್ಷೆ ಮುಖ್ಯ ಕಚೇರಿಯಿಂದ ತಿದ್ದಿಕೊಂಡು ತಿರುಗಿ ಬಂತು. ಎರಡು ಕಂಪೌಂಡುಗಳು ಮತ್ತೆ ಒಂದಾಗಿದ್ದವು. ದಾರಿ ಇಲ್ಲ. ಸಾಹೇಬರನ್ನು ಕೇಳಿದೆ. "ದಾರಿ ಬಿಟ್ಟರೆ ಎರಡು ಗೇಟು, ಎರಡು ಕಡೆ ಕಾವಲು. ಅಷ್ಟಕ್ಕೂ ಅವರು ಸಹಿ ಮಾಡಿದ ಹಾಳೆಯಲ್ಲಿ ದಾರಿ ಎಲ್ಲಿದೆ, ತೋರಿಸಿ ನೋಡೋಣ" ಅಂದರು. ಸಹಿಯಾದ ಹಾಳೆಯಲ್ಲಿ ದಾರಿ ಇರಲಿಲ್ಲ. ನಕ್ಷೆಯ ಮೂಲೆಯಲ್ಲಿ 'ಪರಿಶೀಲಿಸಿದವರು' ಎಂಬಲ್ಲಿ ನನ್ನ ಸಹಿ ಬೇಕಿತ್ತು. ಹಾಕದೆ ತಿರುಗಿ ಕಳಿಸಬಹುದಿತ್ತು. ಊರವರೊಡನೆ ಅಳೆದ ಟಿಪ್ಪಣಿಗಳು ನನ್ನ ಚೀಲದಲ್ಲಿಯೇ ಇದ್ದವು, ಅವನ್ನು ಹಚ್ಚಿ ಒಂದು ಪತ್ರ ಬರೆಯಬಹುದಿತ್ತು. ಎರಡು ದಿನ ಇಟ್ಟುಕೊಂಡೆ. ಮೂರನೆಯ ದಿನ ಸಹಿ ಹಾಕಿದೆ. ಕೆಲಸ ಹೋಗುತ್ತಿತ್ತೇ? ಇಲ್ಲ. ಮನೆಯಲ್ಲಿ ತಾಪತ್ರಯವಿತ್ತೇ? ಅದೂ ಇಲ್ಲ. ಸಾಹೇಬರ ಮುಖ ಸಿಂಡರಿಸುತ್ತದೆ ಎಂಬ ಹೆದರಿಕೆ, ಅಷ್ಟೇ. ಇಷ್ಟು ಹಗುರ ಕಾರಣಕ್ಕೆ ಒಂದು ಊರಿನ ದಾರಿ ಮುಚ್ಚಿದವಳು ನಾನು, ಥೂ.

ಚಾಚಾ ತಿರುಗಿ ಬರುವಷ್ಟರಲ್ಲಿ ಗೋಡೆಯ ಪಾಯ ತೋಡಿಯಾಗಿತ್ತು. ಸೈಟಿನಿಂದ ನೇರವಾಗಿ ಬಾಗೇವಾಡಿಯ ನಮ್ಮ ಕಚೇರಿಗೆ ಬಂದರು. ಕಾಲಿನ ತುಂಬ ಎರೆಮಣ್ಣು. ಕೈಯಲ್ಲಿದ್ದ ನಕ್ಷೆಯನ್ನು ನನ್ನ ಮೇಜಿನ ಮೇಲೆ ಬಿಡಿಸಿ, ಮೂಲೆಯನ್ನು ತೋರಿಸಿ ಕೇಳಿದರು.

"ಈ ಸಹಿ ನಿಂದೇನವಾ?"

"ಹೌದ್ರಿ ಚಾಚಾ."

"ನೋಡಿ ಹಾಕಿದ್ಯೋ, ನೋಡಲಾರದ ಹಾಕಿದ್ಯೋ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನೋಡೇ ಹಾಕೇನ್ರಿ" ಅಂದೆ.

ಅವರು ಕುರ್ಚಿ ಎಳೆದುಕೊಂಡು ಕೂತರು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. "ನೋಡಲಾರದ ಹಾಕೇನಿ ಅಂದಿದ್ರ ಚಲೋ ಇತ್ತು ನೋಡು ಮಗಳ" ಅಂದರು. ಸಾಹೇಬರ ಕೋಣೆಗೆ ಹೋದರು. ಒಳಗೆ ಬಹಳ ಹೊತ್ತು ಮಾತು ನಡೆಯಿತು, ಎರಡು ಸಲ ಚಾಚಾನ ದನಿ ಏರಿದ್ದು ಕೇಳಿಸಿತು. ಹೊರಗೆ ಬಂದವರೇ ಕೊರಳಿನ ಗುರುತಿನ ಚೀಟಿ ತೆಗೆದು ನನ್ನ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದರು. ಮತ್ತೆ ಕಚೇರಿಗೆ ಬರಲಿಲ್ಲ. ಗೋಡೆ ಎದ್ದಿತು, ಸಬ್‌ಸ್ಟೇಷನ್ ಚಾಲೂ ಆಯಿತು.

ಆಮೇಲೆ ಅವರನ್ನು ನೋಡಿದ್ದು ಒಂದೇ ಸಲ, ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ. ನಾನು ಕಂಬದ ಮರೆಗೆ ಸರಿದೆ. ಅವರ ಕಣ್ಣು ಲೈನ್‌ಮನ್ನನ ಕಣ್ಣು, ತಪ್ಪಿಸಿಕೊಳ್ಳಲು ಆಗುತ್ತದೆಯೇ?

"ಯಾಕ ಮರಿ ಆಗ್ತಿ? ಬಾ ಇಲ್ಲಿ."

ಕಾಗದದಲ್ಲಿ ಕಟ್ಟಿಸಿಕೊಂಡಿದ್ದ ಮಿರ್ಚಿ ಭಜಿಯಲ್ಲಿ ಅರ್ಧ ನನ್ನ ಕೈಗೆ ಹಾಕಿದರು. ನಮ್ಮವ್ವನ ಮೊಣಕಾಲು ನೋವು ಹೇಗಿದೆ ಎಂದು ಕೇಳಿದರು. ಬೈದಿದ್ದರೆ ನಾನು ಬದುಕುತ್ತಿದ್ದೆ. ಕೊನೆಗೆ ನಾನೇ ಧೈರ್ಯ ಮಾಡಿ ಕೇಳಿದೆ: "ಚಾಚಾ, ಆ ಊರಿಗೆ ಹೋಗಿದ್ರೇನ್ರಿ?"

"ಹೋಗಿದ್ನೆಲ್ಲ. ಮಾತ ಕೊಟ್ಟಾಂವ ನಾ, ಹೋಗಿ ಹೇಳಬೇಕಲ್ಲ."

"ಏನ್ ಹೇಳಿದ್ರಿ?"

"ಹೇಳೋದನ್ನ ಹೇಳಿದೆ" ಅಂದರು. ಕನ್ನೊಳ್ಳಿಗೆ ಹೋಗುವ ಬಸ್ಸು ಬಂತು, ಹತ್ತಿದರು. ಕಿಟಕಿಯಿಂದ ಕೈ ಮಾಡಿದರು. ನಾನೂ ಮಾಡಿದೆ.

ಎದೆನೋವು ಎಂದರಂತೆ, ವಿಜಯಪುರಕ್ಕೆ ಒಯ್ಯುವ ದಾರಿಯಲ್ಲಿ ಪ್ರಾಣ ಹೋಯಿತು. ಸುದ್ದಿ ತಿಳಿದು ಕನ್ನೊಳ್ಳಿಗೆ ಹೋದೆ. ಓಣಿ ತುಂಬ ಮಂದಿ. ಎಲ್ಲೆಲ್ಲಿ ಕಂಬ ಹತ್ತಿದ್ದರೋ ಅಲ್ಲಿಂದೆಲ್ಲ ಬಂದಿದ್ದರು. ಸಿಂದಗಿ ಕಡೆಯವರು, ಇಂಡಿ ಕಡೆಯವರು, ವಿಭೂತಿ ಹಚ್ಚಿದವರು, ಟೋಪಿ ಹಾಕಿದವರು. ಗಂಡಸರು ಮಣ್ಣಿಗೆ ಹೋದ ಮೇಲೆ ನಾನು ಒಳಗೆ ಚಾಚಿಯ ಹತ್ತಿರ ಕೂತೆ. ಅವರು ಅತ್ತು ಅತ್ತು ದನಿ ಕಳೆದುಕೊಂಡಿದ್ದರು. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು: "ಅಮಾಸಿ ದಿನ ಹೋಳಿಗಿ ಉಂಡು ಬಂದಿದ್ರಲ್ಲ, ಆ ಊರಿನಾವ್ರು ಯಾರಾರೆ ಬಂದಾರೇನವಾ? ಅವರ ಸುದ್ದಿ ಭಾಳ ತಗೀತಿದ್ರು."

ಹೊರಗೆ ಬಂದು ಹುಡುಕಿದೆ. ಒಬ್ಬರೂ ಇರಲಿಲ್ಲ.

ಎರಡು ದಿನ ತಡೆದೆ, ಮೂರನೆಯ ದಿನ ಆ ಊರಿಗೆ ಹೋದೆ. ನೀಲವ್ವ ಆಯಿ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ನನ್ನ ಗುರುತು ಹಿಡಿದು, "ಬಾ ಯವ್ವಾ, ಬಿಸಲಾಗ ಬಂದಿ" ಎಂದು ಎದ್ದು ಹೋಗಿ ತಂಬಿಗೆ ತುಂಬ ನೀರು ತಂದುಕೊಟ್ಟಳು. ಬಾವಿಯ ಸಿಹಿನೀರು. ಬಾಯಾರಿತ್ತು, ಒಂದೇ ಗುಟುಕಿಗೆ ಕುಡಿದೆ. ಸೊಸೆ ಈಗ ಹಳ್ಳದ ಸುತ್ತು ಹಾಕಿ ದಿನಕ್ಕೊಂದೇ ಸಲ ನೀರು ತರುತ್ತಾಳಂತೆ, ನೀರು ಸಾಲುವುದಿಲ್ಲವಂತೆ. ಚಾಚಾ ತೀರಿಕೊಂಡರು ಎಂದು ಹೇಳಿದೆ.

"ಗೊತ್ತೈತಿ" ಅಂದಳು. ತೊಗರಿಯಲ್ಲಿಯ ಕಲ್ಲು ಆರಿಸಿ ಒಗೆಯುತ್ತಲೇ ಇದ್ದಳು. "ಉಂಡ ಮನಿ ಗಳ ಎಣಿಸಿದಾ ಅಂವಾ. ಪಾಯಾ ತೋಡಿದಾಗ ಬಂದಿದ್ದ. ಇಲ್ಲೇ, ನೀ ಕುಂತೀಯಲ್ಲ, ಅಲ್ಲೇ ನಿಂತಿದ್ದ. ಯಾರ ಮುಚ್ಚಿದ್ರೋ ನಮ್ಮ ದಾರಿ ಅಂದೆ. ನಂದ ತಪ್ಪು ಯಕ್ಕಾ ಅಂದ. ಆ ಹುಡುಗಿ ಬರೋಬ್ಬರಿ ಬರದಿದ್ಲು, ನಾನ ಹೇಳೂದರಾಗ ತಪ್ಪಿದೆ ಅಂದ. ಸುಡೂ ಬಿಸಲು. ಒಂದ ತಂಬಿಗಿ ನೀರ ಕೊಡು ಯಕ್ಕಾ ಅಂದ. ನಾ ಕೊಡಲಿಲ್ಲ. ಬಾವಿಗೆ ದಾರಿ ಇಲ್ಲ, ನೀರ ಎಲ್ಲಿಂದ ತರಲಿ ಅಂದೆ. ಕೈ ಮುಗದು ಹ್ವಾದ."

ಖಾಲಿ ತಂಬಿಗೆ ನನ್ನ ತೊಡೆಯ ಮೇಲಿತ್ತು. ಸುಮ್ಮನೆ ಎದ್ದು ಬರಬಹುದಿತ್ತು. ಚಾಚಾ ನನಗೆ ಆ ದಾರಿಯನ್ನೂ ತೆರೆದಿಟ್ಟು ಹೋಗಿದ್ದರು. ಆದರೆ ಸಹಿ ಹಾಕಿದ ದಿನ ಸುಮ್ಮನಿದ್ದದ್ದು ಸಾಕಾಗಿತ್ತು ನನಗೆ.

"ಆಯಿ, ಮುಚ್ಚಿದ್ದು ಅವರಲ್ರಿ. ನಕ್ಷಾಕ್ಕ ಸಹಿ ಹಾಕದಾಕಿ ನಾನು. ನೋಡೇ ಹಾಕೇನಿ. ಅವರಿಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ನೌಕರಿ ಬಿಟ್ಟು ನಿಮ್ಮ ಕಡೆ ಬಂದಾರ."

ಆಯಿಯ ಕೈ ತೊಗರಿಯಲ್ಲಿ ನಿಂತಿತು. ನನ್ನನ್ನು ನೋಡಿದಳು, ತಂಬಿಗೆಯನ್ನು ನೋಡಿದಳು. ಬೈಯಲಿ, ಕಟ್ಟೆಯಿಂದ ಎಬ್ಬಿಸಿ ಕಳಿಸಲಿ ಎಂದು ಕಾದು ಕೂತೆ. ಆಕೆ ಸೆರಗನ್ನು ಬಾಯಿಗೊತ್ತಿಕೊಂಡಳು. ಆಮೇಲೆ ನನ್ನ ತೊಡೆಯ ಮೇಲಿನ ತಂಬಿಗೆ ಎತ್ತಿಕೊಂಡಳು.

"ಅಂವಾ ಬಾಯಿ ಬಿಟ್ಟ ನೀರ ಕೇಳಿದ್ನವ್ವಾ. ಒಳಗ ಎರಡ ಕೊಡ ತುಂಬಿ ಇಟ್ಟಿದ್ದೆ ನಾ" ಅಂದಳು. "ಇನ್ನ ಯಾರಿಗೆ ಕುಡಸ್ಲಿ ಅದನ್ನ?"

ಇಬ್ಬರೂ ಕೂತು ಅತ್ತೆವು.